ಒಬ್ಬಳಿಗೆ ಮಾತ್ರ ಕೊಟ್ಟ ಮಾತ್ರೆ

ಪದ್ಯ ಬರೆಯುವವಳು ಬಿಳಿ ಹೋಗುವುದರ ಬಗ್ಗೆ, ಗುಪ್ತಾಂಗದ ಹುಣ್ಣಿನ ಬಗ್ಗೆ ಬರೆಯಲು ಕೂತರೆ ಕೆಲವು ಗೆಳೆಯರಿಗೆ ಮುಜುಗರವಾದೀತು. ಆಗಲಿ. ನಮ್ಮವರ ಹಸಿವಿನ ಬಗ್ಗೆ ಬರೆದಿದ್ದೇವೆ. ಬೆನ್ನ ಮೇಲಿನ ಬಾಸುಂಡೆ ಬಗ್ಗೆ, ಊರ ಬಾವಿ ಬಗ್ಗೆ, ಹೋಟೆಲಿನ ಬೇರೆ ಲೋಟದ ಬಗ್ಗೆ ಬರೆದಿದ್ದೇವೆ. ಹೊಕ್ಕುಳಿಂದ ಕೆಳಗೆ ಮಾತ್ರ ನಮ್ಮ ಬಂಡಾಯ ಇಳಿದಿಲ್ಲ. ಅಲ್ಲಿ ನಾವೂ ಮೇಲ್ಜಾತಿಯವರಷ್ಟೇ ಮಡಿ.

ನಮ್ಮ ಕೇರಿಗಳಲ್ಲಿ ಈ ಕಾಯಿಲೆಗಳಿಗೆ ನೆಟ್ಟಗೆ ಒಂದು ಹೆಸರೂ ಇಲ್ಲ. ಹೆಂಗಸಿಗೆ ಬಂದರೆ ‘ಉಷ್ಣ’. ಗಂಡಸಿಗೆ ಬಂದರೂ ‘ಉಷ್ಣ’ವೇ, ಆದರೆ ಅವನದು ಲಾರಿ ಇಂಜಿನ್ನಿನ ಪಕ್ಕ ಕೂತು ಬಂದ ಉಷ್ಣ. ಮೆಂತ್ಯ ನೆನೆಸಿ ಕುಡಿ, ಎಳನೀರು ಕುಡಿ, ನೆತ್ತಿಗೆ ಹರಳೆಣ್ಣೆ ಹಾಕ್ಕೊ. ಹುಣ್ಣಾದರೆ ಹಳಬರು ‘ಪರಂಗಿ ಹುಣ್ಣು’ ಅನ್ನುತ್ತಿದ್ದರು. ಆ ಮಾತಿನೊಳಗೆ ಒಂದು ಚರಿತ್ರೆ ಇದೆ. ಹದಿನಾರನೇ ಶತಮಾನದ ‘ಭಾವಪ್ರಕಾಶ’ ಎಂಬ ವೈದ್ಯಗ್ರಂಥ ಇದನ್ನು ಫಿರಂಗ ರೋಗ ಅಂತ ಕರೆಯಿತು, ಅಂದರೆ ಪರಂಗಿಯವರ ರೋಗ. ಇಟಲಿಯವರು ಇದನ್ನು ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸಿನ ರೋಗ ಅಂದರು. ಲೋಕದಲ್ಲೆಲ್ಲೂ ಈ ರೋಗ ತನ್ನದು ಅಂತ ಒಪ್ಪಿಕೊಂಡವರಿಲ್ಲ. ನಮ್ಮಲ್ಲಿ ಅದು ‘ಆ ಹೆಂಗಸಿನ’ ರೋಗ. ಯಾವ ಹೆಂಗಸು ಅಂತ ಕೇಳಬೇಡಿ, ಊರಿಗೊಬ್ಬಳು ಸಿಕ್ಕೇ ಸಿಗುತ್ತಾಳೆ.

ನನ್ನ ಚಿಕ್ಕವ್ವನ ಸಂಗತಿ ಹೇಳುತ್ತೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಹೆಸರು ಹಾಕ್ಬೇಡ ಕಣವ್ವ, ಮಿಕ್ಕಿದ್ದು ಬರಿ’ ಅಂದಳು.

ಚಿಕ್ಕಪ್ಪ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರೆ ಎರಡು ಮೂರು ತಿಂಗಳಿಗೆ ಒಮ್ಮೆ ಬರುವವನು. ಚಿಕ್ಕವ್ವ ಕಬ್ಬಿನ ಗದ್ದೆಯ ಕೂಲಿ. 2018ರಿಂದ ಅವಳಿಗೆ ಬಿಳಿ ಹೋಗುತ್ತಿತ್ತು, ನಾತ ಇತ್ತು, ಸೊಂಟ ನೋವಿತ್ತು. ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋದಳು. ಒಂದು ಹಸಿರು ಪೊಟ್ಟಣ ಕೊಟ್ಟರು. ನುಂಗಿದಳು, ಕಡಿಮೆಯಾಯಿತು. ಮೂರು ತಿಂಗಳಿಗೆ ಮತ್ತೆ ಶುರು. ಮತ್ತೆ ಒಂದು ದಿನದ ಕೂಲಿ, ಮತ್ತೆ ಹಸಿರು ಪೊಟ್ಟಣ. ಆಮೇಲೆ ಬಸುರಾದಳು. 2019ರಲ್ಲಿ ಎಂಟನೇ ತಿಂಗಳಿಗೆ ಮಗು ಹೊಟ್ಟೆಯೊಳಗೇ ಹೋಯಿತು. ಆಗ ಹೆರಿಗೆಗೆ ಅಂತ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ರಕ್ತ ಪರೀಕ್ಷೆ ಮಾಡಿದರು. ಸಿಫಿಲಿಸ್. ಬಸುರಿಗೆ ಮೊದಲ ತಿಂಗಳುಗಳಲ್ಲೇ ಮಾಡಬೇಕಾದ ಆ ಪರೀಕ್ಷೆಯನ್ನು ಹತ್ತಿರದ ಆಸ್ಪತ್ರೆಯಲ್ಲಿ ಮಾಡಿರಲೇ ಇಲ್ಲ. ‘ಕಿಟ್ ಬಂದಿಲ್ಲ’ ಅಂದಿದ್ದರಂತೆ.

ಆ ಹಸಿರು ಪೊಟ್ಟಣದಲ್ಲಿ ಏನಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್. ಬಿಳಿ ಹೋಗುವುದಕ್ಕೆ ಕಾರಣವಾಗುವ ಕೆಲವು ಸೋಂಕುಗಳಿಗೆ, ಬೂಸ್ಟಿಗೆ, ಅದು ಸರಿಯಾದ ಔಷಧಿಯೇ. ಸಿಫಿಲಿಸ್ಸಿಗೆ ಅದು ತಾಕುವುದೇ ಇಲ್ಲ. ಸಿಫಿಲಿಸ್ಸಿನ ಮೊದಲ ಹುಣ್ಣು ನೋಯುವುದಿಲ್ಲ, ಹೆಂಗಸಿಗೆ ಒಳಗೆಲ್ಲೋ ಆದರೆ ಅವಳಿಗೇ ಕಾಣುವುದಿಲ್ಲ, ಕೆಲವು ವಾರದಲ್ಲಿ ತಾನೇ ಮಾಯುತ್ತದೆ. ರೋಗ ಮಾತ್ರ ರಕ್ತದಲ್ಲಿ ಕೂತಿರುತ್ತದೆ. ಹೀಗೆ ಕೂಗುವ ಸೋಂಕಿನ ಹಿಂದೆ ಮೌನವಾದ ಸೋಂಕು ಅಡಗಿತ್ತು. ಕೂಗಿದ್ದಕ್ಕೆ ಮಾತ್ರೆ ಕೊಟ್ಟರು. ಮೌನವಾಗಿದ್ದದ್ದು ಮಗುವನ್ನು ತಿಂದಿತು.

‘ಮುಟ್ಟಿ ನೋಡ್ನಿಲ್ವಾ ಚಿಕ್ಕವ್ವಾ ಅವ್ರು?’ ಅಂತ ಕೇಳಿದೆ.

‘ಅಯ್ಯೋ, ಮೇಜಿನ್ ಆಚೆಯಿಂದ್ಲೇ ಬರ್ಕೊಟ್ರು ಕಣವ್ವ. ಮುಟ್ಟಿ ನೋಡಕ್ಕೆ ನಾವೇನು ಅವ್ರ ಪೈಕಿಯಾ?’

ಈ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿದೆ. ಲಕ್ಷಣ ಕೇಳಿ ಔಷಧಿ ಕೊಡುವ ಪದ್ಧತಿ ಕೆಟ್ಟದ್ದಲ್ಲ. ಲ್ಯಾಬು ಇಲ್ಲದ ಊರಿನಲ್ಲಿ ಬಡವರನ್ನು ವಾಪಸು ಕಳಿಸದೆ ಅಂದೇ ಔಷಧಿ ಕೊಡಲಿ ಅಂತ ಮಾಡಿದ ಪದ್ಧತಿ ಅದು. ಆದರೆ ಅದರಲ್ಲೂ ಪರೀಕ್ಷೆ ಮಾಡಿ ನೋಡಬೇಕು, ರಕ್ತ ತೆಗೆಯಬೇಕು, ಗಂಡನನ್ನು ಕರೆಸಬೇಕು ಅಂತಲೇ ಬರೆದಿದೆ. ಮುಟ್ಟಲು ಮನಸ್ಸಿಲ್ಲದವನ ಕೈಗೆ ಸಿಕ್ಕಿದಾಗ ಬಣ್ಣದ ಪೊಟ್ಟಣ ಒಂದು ಅನುಕೂಲವಾಯಿತು. ಮೇಲಿನಿಂದ ನೀರು ಹೊಯ್ಯುವುದಕ್ಕೂ ಮೇಜಿನಾಚೆಯಿಂದ ಪೊಟ್ಟಣ ನೂಕುವುದಕ್ಕೂ ಏನು ವ್ಯತ್ಯಾಸ?

ನಾನಾಗ ಮೈಕ್ರೋಬಯಾಲಜಿ ಇಟ್ಟುಕೊಂಡು ಬಿಎಸ್ಸಿ ಓದುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಪರೀಕ್ಷೆಗೆ ಉರು ಹೊಡೆದ ಬ್ಯಾಕ್ಟೀರಿಯಾದ ಹೆಸರುಗಳೆಲ್ಲ ಆ ವರ್ಷ ನಮ್ಮ ಹಟ್ಟಿಗೆ ಬಂದು ಕೂತವು. ಎರಡು ಸೋಂಕು ಒಂದೇ ಮೈಯಲ್ಲಿ ಕೂಡಿದರೆ ಅದಕ್ಕೆ ಪುಸ್ತಕದವರು ಸಹಸೋಂಕು ಅನ್ನುತ್ತಾರೆ. ನಾನು ಜೋಡಿ ಸೋಂಕು ಅನ್ನುತ್ತೇನೆ, ನಮ್ಮವ್ವನಿಗೆ ಅರ್ಥವಾಗುತ್ತದೆ.

ಈ ಜೋಡಿ ದೊಡ್ಡ ದೊಡ್ಡವರನ್ನೇ ಏಮಾರಿಸಿದೆ. 1767ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಒಂದು ಪ್ರಯೋಗ ಮಾಡಿದ. ಗೊನೋರಿಯಾ ಇದ್ದವನ ಕೀವನ್ನು ಇನ್ನೊಂದು ಮೈಗೆ ಚುಚ್ಚಿದ. ತನ್ನ ಮೈಗೇ ಚುಚ್ಚಿಕೊಂಡ ಅಂತ ಕೆಲವರು, ಇಲ್ಲ ಬೇರೆಯವನಿಗೆ ಅಂತ ಕೆಲವರು. ಚುಚ್ಚಿದ ಮೈಗೆ ಗೊನೋರಿಯಾ ಬಂತು, ಹಿಂದೆಯೇ ಸಿಫಿಲಿಸ್ಸೂ ಬಂತು. ಸರಿ, ಎರಡೂ ಒಂದೇ ರೋಗ ಅಂತ 1786ರಲ್ಲಿ ಪುಸ್ತಕ ಬರೆದ. ಕೀವು ಕೊಟ್ಟವನಿಗೆ ಎರಡೂ ಇದ್ದವು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಅದು ತಪ್ಪು ಅಂತ ಪ್ಯಾರಿಸ್ಸಿನ ರಿಕೋರ್ ಸಾಧಿಸಿ ತೋರಿಸುವ ಹೊತ್ತಿಗೆ 1838 ಬಂದಿತ್ತು. ಐವತ್ತು ವರ್ಷ ಒಬ್ಬ ದೊಡ್ಡ ಮನುಷ್ಯನ ಮಾತಿಗೆ ಲೋಕ ತಲೆಯಾಡಿಸಿತು. ಹಂಟರನಿಗೆ ಸೂಕ್ಷ್ಮಜೀವಿ ಗೊತ್ತಿರಲಿಲ್ಲ, ಅವನದು ಕ್ಷಮಿಸಬಹುದಾದ ತಪ್ಪು. ಗೊತ್ತಿದ್ದೂ ಒಂದೇ ನೋಡಿ ಕಳಿಸುವವರದ್ದು ಬೇರೆ ಲೆಕ್ಕ.

ಈಗ ಗೊತ್ತಿರುವುದು ಇಷ್ಟು. ಗೊನೋರಿಯಾ ಇದ್ದವರಲ್ಲಿ ಅನೇಕರಿಗೆ ಕ್ಲಮೀಡಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾವೂ ಇರುತ್ತದೆ. ಗಂಡಸಿಗೆ ಗೊನೋರಿಯಾ ಬಂದರೆ ಉರಿಯುತ್ತದೆ, ಕೀವು ಬರುತ್ತದೆ, ಓಡಿ ಬರುತ್ತಾನೆ. ಹೆಂಗಸರಲ್ಲಿ ಕ್ಲಮೀಡಿಯಾ ಹೆಚ್ಚಿನವರಿಗೆ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳಕ್ಕೆ ಏರಿ ಅದನ್ನು ಕಟ್ಟಿಬಿಡುತ್ತದೆ. ಆಮೇಲೆ ಅವಳು ‘ಬಂಜೆ’. ಬಂಜೆಗೆ ಸವತಿ ಬರುತ್ತಾಳೆ, ಸವತಿಗೂ ಅದೇ ಸೋಂಕು. ಈ ಜೋಡಿಗೆ ಅಂತಲೇ ಸರ್ಕಾರದ 2007ರ ಮಾರ್ಗಸೂಚಿಯ ಬೂದು ಪೊಟ್ಟಣದಲ್ಲಿ ಎರಡು ಔಷಧಿ ಇಟ್ಟರು: ಗೊನೋರಿಯಾಕ್ಕೆ ಸೆಫಿಕ್ಸಿಮ್, ಕ್ಲಮೀಡಿಯಾಕ್ಕೆ ಅಜಿತ್ರೋಮೈಸಿನ್. ನಮ್ಮ ಜನ ಮೆಡಿಕಲ್ ಶಾಪಿನಲ್ಲಿ ‘ಒಂದೇ ಕೊಡಣ್ಣ, ಅದ್ರಲ್ಲಿ ಕಡಿಮೆದು ಕೊಡು’ ಅಂತ ಕೇಳಿ ಕೊಳ್ಳುತ್ತಾರೆ. ಅರ್ಧ ಔಷಧಿಗೆ ಅರ್ಧ ಸತ್ತ ಗೊನೋರಿಯಾ ಔಷಧಿಗೇ ಬಗ್ಗದ ಹಾಗೆ ಬೆಳೆಯುತ್ತದೆ. ಒಂದು ಕಾಲಕ್ಕೆ ಪೆನಿಸಿಲಿನ್ನಿಗೆ ಹೆದರುತ್ತಿದ್ದ ರೋಗ ಅದು. ಈಗ ಪೆನಿಸಿಲಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಸಿಫಿಲಿಸ್ ಮಾತ್ರ ಇವತ್ತಿಗೂ ಪೆನಿಸಿಲಿನ್ನಿಗೆ ಬಗ್ಗುತ್ತದೆ.

ಜೋಡಿ ಸೋಂಕಿನ ದೊಡ್ಡ ಕೆಡುಕು ಎಚ್‌ಐವಿಯ ಜೊತೆಗಿನದು. ಹುಣ್ಣು ಅಂದರೆ ಚರ್ಮದಲ್ಲಿ ತೆರೆದ ಬಾಗಿಲು, ಇದು ಯಾರಿಗಾದರೂ ತಿಳಿಯುತ್ತದೆ. ತಿಳಿಯದ ಸಂಗತಿ ಇನ್ನೊಂದಿದೆ. ಹುಣ್ಣಿರಲಿ, ಬರೀ ಉರಿಯೂತವಿರಲಿ, ಬ್ಯಾಕ್ಟೀರಿಯಾದ ಮೇಲೆ ಹೋರಾಡಲು ನಮ್ಮ ಮೈಯ ಕಾವಲು ಕಣಗಳು ಆ ಜಾಗಕ್ಕೆ ಓಡಿ ಬಂದು ಗುಂಪು ಸೇರುತ್ತವೆ. ಎಚ್‌ಐವಿ ಹೊಕ್ಕುವುದು ಸರಿಯಾಗಿ ಅವೇ ಕಣಗಳೊಳಕ್ಕೆ. ಊರಿಗೆ ಕಳ್ಳ ಬಂದ ಅಂತ ಎಲ್ಲರೂ ಕೆರೆ ಏರಿ ಮೇಲೆ ಓಡಿದರೆ ಕೆರೆಯೊಳಗಿಂದ ಮೊಸಳೆ ಬಂದ ಹಾಗೆ. ಎಚ್‌ಐವಿ ಮೊದಲೇ ಇದ್ದವನಿಗೆ ಗೊನೋರಿಯಾ ಬಂದರೆ ಅವನ ವೀರ್ಯದಲ್ಲಿ ವೈರಸ್ಸು ಹೆಚ್ಚುತ್ತದೆ. ಮಲಾವಿ ದೇಶದಲ್ಲಿ ಮೂತ್ರನಾಳದ ಸೋಂಕಿದ್ದ ಗಂಡಸರಲ್ಲಿ ಅದು ಎಂಟು ಪಟ್ಟು ಇದ್ದದ್ದನ್ನು 1997ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾಕ್ಕೆ ಔಷಧಿ ಕೊಟ್ಟ ಎರಡು ವಾರದಲ್ಲಿ ಅದು ಇಳಿದಿತ್ತು. ನೆನಪಿಡಿ, ಎಚ್‌ಐವಿಗೆ ಅಲ್ಲ, ಗೊನೋರಿಯಾಕ್ಕೆ ಕೊಟ್ಟ ಔಷಧಿಯಿಂದ. ಇವತ್ತು ಎಚ್‌ಐವಿಗೂ ಒಳ್ಳೆಯ ಗುಳಿಗೆಗಳಿವೆ, ಸರ್ಕಾರ ಪುಕ್ಕಟೆ ಕೊಡುತ್ತದೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ಸು ಕಾಣದಷ್ಟು ಇಳಿದವರಿಂದ ಅದು ಕೂಡುವುದರ ಮೂಲಕ ಹರಡುವುದಿಲ್ಲ. ಇದನ್ನು ಕೇರಿ ಕೇರಿಯಲ್ಲಿ ಕೂಗಿ ಹೇಳಬೇಕು.

ಟಾಂಜಾನಿಯಾದ ಮ್ವಾನ್ಜಾ ಅನ್ನುವ ಸೀಮೆಯಲ್ಲಿ ನಮ್ಮಂಥದೇ ಹಳ್ಳಿಗಳು. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಹನ್ನೆರಡು ಸಮುದಾಯಗಳನ್ನು ಆರಾರು ಮಾಡಿದರು. ಆರರಲ್ಲಿ ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಡಾಕ್ಟರನ್ನು ತರಲಿಲ್ಲ. ಇದ್ದ ಹಳ್ಳಿ ಆಸ್ಪತ್ರೆಯ ಸಿಬ್ಬಂದಿಗೆ ಲೈಂಗಿಕ ಸೋಂಕುಗಳ ಚಿಕಿತ್ಸೆ ಕಲಿಸಿದರು, ಔಷಧಿ ಖಾಲಿಯಾಗದ ಹಾಗೆ ನೋಡಿಕೊಂಡರು, ಜನರಿಗೆ ತಿಳಿ ಹೇಳಿದರು. ಎರಡು ವರ್ಷದಲ್ಲಿ ಹೊಸದಾಗಿ ಎಚ್‌ಐವಿ ತಗುಲಿದವರು ಅಲ್ಲಿ ನೂರಕ್ಕೆ 1.2, ಉಳಿದ ಆರರಲ್ಲಿ 1.9. ಸುಮಾರು ನೂರಕ್ಕೆ 40ರಷ್ಟು ಕಡಿತ. 1995ರಲ್ಲಿ ಇದು ಹೊರಬಂದಾಗ ಲೋಕವೆಲ್ಲ ಬೆರಗಾಯಿತು. ಪಕ್ಕದ ಉಗಾಂಡಾದ ರಾಕಾಯಿಯಲ್ಲಿ ಬೇರೆ ಥರ ಮಾಡಿದರು. ಹತ್ತು ತಿಂಗಳಿಗೊಮ್ಮೆ ಮನೆ ಮನೆಗೆ ಹೋಗಿ ಎಲ್ಲರಿಗೂ ಮಾತ್ರೆ ನುಂಗಿಸಿದರು. 1999ರಲ್ಲಿ ಬಂದ ಫಲಿತಾಂಶದಲ್ಲಿ ಎಚ್‌ಐವಿ ಇಳಿದಿರಲಿಲ್ಲ. ಪಂಡಿತರು ಇದಕ್ಕೆ ಹಲವು ಕಾರಣ ಕೊಟ್ಟಿದ್ದಾರೆ. ರಾಕಾಯಿಯಲ್ಲಿ ಆ ಹೊತ್ತಿಗೆ ಎಚ್‌ಐವಿ ಹಳೆಯದಾಗಿ ಎಲ್ಲ ಕಡೆ ಹರಡಿತ್ತು, ಹುಣ್ಣುಗಳಲ್ಲಿ ಬಹಳಷ್ಟು ಬ್ಯಾಕ್ಟೀರಿಯಾದ್ದಲ್ಲ, ಹರ್ಪಿಸ್ ವೈರಸ್ಸಿನವು. ಅದು ಇರಲಿ. ನನಗೆ ಕಾಣುವುದು ಒಂದು ಸಾದಾ ವ್ಯತ್ಯಾಸ. ಒಂದು ಕಡೆ ನೋವಾದ ದಿನ ಬಾಗಿಲು ತೆರೆದಿತ್ತು. ಇನ್ನೊಂದು ಕಡೆ ಹತ್ತು ತಿಂಗಳಿಗೊಮ್ಮೆ ಹಬ್ಬದ ಹಾಗೆ ಮಾತ್ರೆ ಬಂತು. ನಡುವಿನ ಒಂಬತ್ತು ತಿಂಗಳು?

ಡಿಗ್ರಿ ಆದಮೇಲೆ ಒಂದು ತಾಲೂಕು ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳ ಗುತ್ತಿಗೆ ಮೇಲೆ ರಿಜಿಸ್ಟರು ಬರೆಯುವ ಕೆಲಸ ಸಿಕ್ಕಿತ್ತು. ‘ಸುರಕ್ಷಾ ಕ್ಲಿನಿಕ್’ ಅಂತ ಬೋರ್ಡು. ಪಕ್ಕದಲ್ಲೇ ಔಷಧಿ ಕೊಡುವ ಕಿಟಕಿ, ಎದುರಿಗೆ ಬೆಂಚು, ಬೆಂಚಿನ ಮೇಲೆ ಊರಿನವರೇ. ಯಾರು ಒಳಗೆ ಹೋದರು, ಯಾವ ಬಣ್ಣದ ಪೊಟ್ಟಣ ಹಿಡಿದು ಬಂದರು ಎಲ್ಲ ಕಾಣುತ್ತಿತ್ತು. ರಿಜಿಸ್ಟರಿನಲ್ಲಿ ಒಂದು ಕಲಂ ಇತ್ತು: ಸಂಗಾತಿಗೆ ಚಿಕಿತ್ಸೆ ಆಯಿತೆ? ಹನ್ನೊಂದು ತಿಂಗಳು ನಾನು ಆ ಕಲಂನಲ್ಲಿ ಹೆಚ್ಚಾಗಿ ಬರೆದದ್ದು ‘ಬಂದಿಲ್ಲ’ ಅಂತ. ಕೆಲವರಿಗೆ ಗಂಡನ ಪಾಲಿನ ಮಾತ್ರೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಒಬ್ಬಾಕೆ ಮರುವಾರ ಅದನ್ನು ಹಾಗೇ ವಾಪಸು ತಂದಳು. ‘ನಂಗೇನ್ ಬಂದಿರೋದು, ನೀನೇ ಎಲ್ಲೋ ಹೋಗಿ ತಂದೆ ಅಂತ ಹೊಡ್ದ್ರು’ ಅಂದಳು. ಮಾತ್ರೆಯನ್ನು ಅವಳು ಎಸೆದಿರಲಿಲ್ಲ, ಸೀರೆ ಸೆರಗಿನಲ್ಲಿ ಗಂಟು ಹಾಕಿ ತಂದಿದ್ದಳು.

ಹೆಂಗಸನ್ನು ಪಟ್ಟಿ ಮಾಡಿ ಗಂಡಸನ್ನು ಬಿಡುವುದು ಇವತ್ತಿನ ಚಾಳಿಯಲ್ಲ. 1868ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು ದಂಡಿನ ಊರುಗಳಲ್ಲಿ ವೇಶ್ಯೆ ಅನ್ನಿಸಿದವರ ಹೆಸರು ಬರೆದುಕೊಂಡರು, ಬಲವಂತವಾಗಿ ಕಾಲಗಲಿಸಿ ಪರೀಕ್ಷೆ ಮಾಡಿದರು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕಿದರು. ಬೆಂಗಳೂರು ದಂಡಿನಲ್ಲೂ ಅಂಥದ್ದೊಂದಿತ್ತು. ಅವರ ಬಳಿ ಬಂದ ಸಿಪಾಯಿಯ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. 1888ರಲ್ಲಿ ಆ ಕಾಯ್ದೆ ಹೋಯಿತು, ಕಣ್ಣು ಹೋಗಲಿಲ್ಲ. 1986ರಲ್ಲಿ ಈ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಅವರ ತಂಡ ಪತ್ತೆ ಮಾಡಿದ್ದೂ ಲೈಂಗಿಕ ವೃತ್ತಿಯ ಹೆಂಗಸರ ರಕ್ತದಲ್ಲಿ. ಆ ವೈದ್ಯೆ ಮುಂದೆ ಬದುಕಿಡೀ ಅದೇ ರೋಗಿಗಳ ಪರವಾಗಿ ದುಡಿದವರು, ಅವರ ಮೇಲೆ ದೂರಿಲ್ಲ. ದೂರಿರುವುದು ಆಮೇಲಿನ ಪತ್ರಿಕೆಗಳ ಮೇಲೆ, ಊರಿನ ಬಾಯಿಗಳ ಮೇಲೆ. ಆ ಹೆಂಗಸರು ರೋಗ ಹರಡಿದರು ಅಂದರೇ ಹೊರತು ಅವರಿಗೆ ಅದನ್ನು ತಂದುಕೊಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ.

ಆ ಹೆಂಗಸರೇ ತಮ್ಮ ಚಿಕಿತ್ಸೆಯನ್ನು ತಮ್ಮ ಕೈಗೆ ತೆಗೆದುಕೊಂಡಾಗ ಏನಾಯಿತು ಅನ್ನುವುದಕ್ಕೆ ಮೈಸೂರು ಸಾಕ್ಷಿ. ಅಲ್ಲಿ 2004ರಲ್ಲಿ ಶುರುವಾದ ಕೆಲಸದಿಂದ ‘ಆಶೋದಯ ಸಮಿತಿ’ ಹುಟ್ಟಿತು. ಲೈಂಗಿಕ ವೃತ್ತಿಯವರೇ ನಡೆಸುವ ಸಂಘ. ಮೊದಲ ಸಮೀಕ್ಷೆಯಲ್ಲಿ ಆ ಹೆಂಗಸರಲ್ಲಿ ನೂರಕ್ಕೆ 25 ಜನಕ್ಕೆ ಸಿಫಿಲಿಸ್, 11 ಜನಕ್ಕೆ ಕ್ಲಮೀಡಿಯಾ, 5 ಜನಕ್ಕೆ ಗೊನೋರಿಯಾ, 26 ಜನಕ್ಕೆ ಎಚ್‌ಐವಿ. ಸುಮಾರು ಎರಡೂವರೆ ವರ್ಷದ ಮೇಲೆ ಮತ್ತೆ ನೋಡಿದಾಗ ಸಿಫಿಲಿಸ್ 12ಕ್ಕೆ, ಕ್ಲಮೀಡಿಯಾ 5ಕ್ಕೆ, ಗೊನೋರಿಯಾ 2ಕ್ಕೆ ಇಳಿದಿದ್ದವು. ಎಚ್‌ಐವಿ 24, ಹೆಚ್ಚು ಕಡಿಮೆ ಅಷ್ಟೇ. ಅದು ಬಂದರೆ ಹೋಗುವ ಸೋಂಕಲ್ಲ, ಏರದೆ ನಿಂತದ್ದೇ ಸುದ್ದಿ. ಈ ಲೆಕ್ಕದಲ್ಲಿ ನನ್ನ ಕಣ್ಣು ಹೋಗಿ ನಿಲ್ಲುವುದು ಬೇರೆ ಕಡೆ. ಬಂದು ಹೋಗುವ ಗಿರಾಕಿಯ ಜೊತೆ ಕೊನೆಯ ಸಲ ಕಾಂಡೋಮ್ ಬಳಸಿದವರು ನೂರಕ್ಕೆ 65ರಿಂದ 90ಕ್ಕೆ ಏರಿದರು. ತಮ್ಮ ಕಾಯಂ ಗಂಡಸಿನ ಜೊತೆ? 7 ಇದ್ದದ್ದು 30 ಆಯಿತು, ಅಷ್ಟೆ. ಬೀದಿಯಲ್ಲಿ ಪೊಲೀಸಿಗೆ, ಗೂಂಡಾಗಿರಿಗೆ ಎದುರು ನಿಂತ ಹೆಂಗಸರು ಇವರು. ಗಿರಾಕಿಗೆ ‘ಹಾಕ್ಕೊ, ಇಲ್ದಿದ್ರೆ ನಡಿ’ ಅನ್ನಬಲ್ಲವರಿಗೇ ಮನೆಯವನಿಗೆ ಹೇಳುವುದು ಇಷ್ಟು ಕಷ್ಟವಾದರೆ, ನನ್ನ ಚಿಕ್ಕವ್ವನ ಪಾಡೇನು?

2025ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದಿಂದ ಒಂದು ಅಧ್ಯಯನ ಬಂತು. ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಹೆಂಗಸಿನ ಯೋನಿಯಲ್ಲಿ ಆಮ್ಲ ಹುಟ್ಟಿಸಿ ಕಾವಲು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಕಡಿಮೆಯಾಗಿ ಬೇರೆಯವು ತುಂಬಿಕೊಂಡರೆ ಬಿಳಿ ಹೋಗುತ್ತದೆ, ಮೀನಿನಂಥ ನಾತ ಬರುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಅಂತ ಹೆಸರು. ಇದಿದ್ದರೆ ಎಚ್‌ಐವಿ, ಗೊನೋರಿಯಾ, ಕ್ಲಮೀಡಿಯಾ ತಗುಲುವ ಸಂಭವ ಹೆಚ್ಚು. ದಶಕಗಳಿಂದ ಇದಕ್ಕೆ ಹೆಂಗಸಿಗೊಬ್ಬಳಿಗೇ ಮಾತ್ರೆ. ವಾಸಿಯಾಗುವುದು, ಮತ್ತೆ ಬರುವುದು. ‘ನೀನು ಸ್ವಚ್ಛವಾಗಿಲ್ಲ’ ಅಂತ ಬುದ್ಧಿಮಾತು ಬೇರೆ. ಆ ಅಧ್ಯಯನದಲ್ಲಿ ಅವಳ ಗಂಡಸಿಗೂ ಒಂದು ವಾರ ಮಾತ್ರೆ ಮತ್ತು ಹಚ್ಚಲು ಮುಲಾಮು ಕೊಟ್ಟರು. ಹೆಂಗಸಿಗೊಬ್ಬಳಿಗೇ ಕೊಟ್ಟ ಕಡೆ ಹನ್ನೆರಡು ವಾರದಲ್ಲಿ ನೂರಕ್ಕೆ 63 ಜನರಿಗೆ ಮರುಕಳಿಸಿತು. ಇಬ್ಬರಿಗೂ ಕೊಟ್ಟ ಕಡೆ 35. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು.

ಇದನ್ನು ನಮ್ಮವ್ವನಿಗೆ ಹೇಳಿದೆ. ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. 2019ರಲ್ಲೇ ಅವಳು ಈ ವಿಚಾರ ತೀರ್ಮಾನ ಮಾಡಿದ್ದಳು. ಮಗು ಹೋದ ಮೇಲೆ ಚಿಕ್ಕವ್ವನಿಗೆ ವಾರಕ್ಕೊಂದರಂತೆ ಮೂರು ವಾರ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರು. ಅದು ಬಲು ನೋವಿನದು, ಎರಡು ದಿನ ನೆಟ್ಟಗೆ ಕೂರಲಾಗುವುದಿಲ್ಲ. ಚಿಕ್ಕಪ್ಪ ಬೆಂಗಳೂರಿಂದ ಬಂದವನು ‘ನಾನ್ ಗಟ್ಟಿಯಾಗಿದೀನಲ್ಲ ಅಕ್ಕ, ನಂಗ್ಯಾಕೆ’ ಅಂದ. ಅವ್ವ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

‘ನೋಡಪ್ಪ, ಒಂದು ಎತ್ತಿಗೆ ಮಾತ್ರ ಉಣ್ಣೆ ಕಿತ್ತು ಇನ್ನೊಂದನ್ನ ಅದೇ ಕೊಟ್ಟಿಗೇಲಿ ಕಟ್ಟಿದ್ರೆ ಏನಾಯ್ತದೆ? ನಾಳೆ ಅವಳ ಜೊತೆ ನೀನೂ ಬಸ್ಸು ಹತ್ತು. ಇಲ್ಲ ಅಂದ್ರೆ ಅವಳು ನಮ್ಮನೇಲೇ ಇರ್ತಾಳೆ.’

ಹೋದ. ಅವನ ರಕ್ತದಲ್ಲೂ ಇತ್ತು. ಅವನೂ ಮೂರು ವಾರ ಕುಂಟಿದ. ಇಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡಿದರು, ಇರಲಿಲ್ಲ. ಆರು ತಿಂಗಳ ಮೇಲೆ ಚಿಕ್ಕವ್ವನ ರಕ್ತದಲ್ಲಿ 1:32 ಇದ್ದದ್ದು 1:8ಕ್ಕೆ ಇಳಿದಿತ್ತು. ಮದ್ದು ಹಿಡಿದಿದೆ ಅನ್ನುವುದಕ್ಕೆ ಅದು ಲೆಕ್ಕ. ಈಗ ಅವಳಿಗೆ ಮೂರು ವರ್ಷದ ಮಗಳಿದ್ದಾಳೆ.

ಹಳ್ಳಿ ಮೇಷ್ಟ್ರುಗಳಾಗಿರುವ ಗೆಳೆಯರಿಗೆ ಒಂದು ಮಾತು. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ನಮ್ಮ ಮೇಷ್ಟ್ರು ‘ಇದನ್ನ ಮನೇಲಿ ಓದ್ಕೊಳ್ಳಿ’ ಅಂದು ಮುಂದಿನ ಪಾಠಕ್ಕೆ ಹಾರಿದ್ದರು. ನಮ್ಮ ಮನೇಲಿ ಓದಿ ಹೇಳುವವರು ಯಾರಿದ್ದರು? ನೀವು ಹಾರಬೇಡಿ. ಸಂಘಟನೆಯ ಗೆಳೆಯರಿಗೆ ಇನ್ನೊಂದು. ಬಸುರಿ ಹೆಂಗಸಿಗೆ ಸಿಫಿಲಿಸ್ ಪರೀಕ್ಷೆಯ ಕಿಟ್ ಇಲ್ಲ ಅಂದರೆ ಅದು ಆಸ್ಪತ್ರೆ ಮುಂದೆ ಧರಣಿ ಕೂರುವ ವಿಷಯ. ರಸ್ತೆಗೆ, ಸ್ಮಶಾನಕ್ಕೆ ಅರ್ಜಿ ಕೊಟ್ಟ ಹಾಗೆ ಅದಕ್ಕೂ ಅರ್ಜಿ ಕೊಡಿ. ಕಳೆದ ತಿಂಗಳು ನಮ್ಮ ಕೇರಿಯ ಸಂಘದಲ್ಲಿ ಇಷ್ಟೆಲ್ಲ ಹೇಳಿದೆ. ಒಬ್ಬ ಹಿರಿಯರು ‘ಒಳ್ಳೆ ವಿಚಾರ ಕಣವ್ವ, ಇದನ್ನ ಹೆಣ್ಮಕ್ಕಳ ಮೀಟಿಂಗ್‌ನಲ್ಲಿ ಹೇಳು’ ಅಂದರು. ಹೆಣ್ಮಕ್ಕಳಿಗೆ ಗೊತ್ತು ಕಣಣ್ಣ, ಗಂಡಸರ ಮೀಟಿಂಗ್ ಕರೀರಿ ಅಂದೆ.

ಮುಂದಿನ ಭಾನುವಾರ ಸಂಜೆ ಕರೆದಿದ್ದಾರೆ. ಬೆಂಚು ಹೊತ್ತು ತರುವ ಕೆಲಸ ಚಿಕ್ಕಪ್ಪ ಒಪ್ಪಿಕೊಂಡಿದ್ದಾನೆ. ಎದ್ದು ನಿಂತು ಎರಡು ಮಾತಾಡಲು ಇನ್ನೂ ಒಪ್ಪಿಲ್ಲ.